ಪುಟ್ಟತಾಯಿಯ ಎಲೆಕಿರೀಟ

ಹುಣಸೂರು ದಾಟಿ ಬಸ್ಸು ಕಂಪಲಾಪುರದ ದಾರಿ ಹಿಡಿದಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ಹಸಿ ಹೊಗೆಸೊಪ್ಪಿನದು. ಒಣಗಿದ ಹೊಗೆಸೊಪ್ಪಿನ ವಾಸನೆ ಎಲ್ಲರಿಗೂ ಗೊತ್ತು. ಅದರಲ್ಲಿ ಬೆಲ್ಲದ ಪಾಕದಂಥ ಒಂದು ಘಮ ಇರುತ್ತದೆ, ಸೇದದವರಿಗೂ ಹಿಡಿಸುತ್ತದೆ. ಹಸಿಯದು ಹಾಗಲ್ಲ. ಅದು ಅಂಟಂಟಾಗಿ, ಕಹಿಯಾಗಿ, ಮೂಗನ್ನು ದಾಟಿ ನೇರ ಗಂಟಲಿಗೇ ತಾಗುತ್ತದೆ. ರಸ್ತೆ ಪಕ್ಕದ ಹೊಲದಲ್ಲಿ ಹೆಂಗಸರು ಸೊಪ್ಪು ಮುರಿದು ಕಂಕುಳಲ್ಲಿ ಅವುಚಿಕೊಂಡು ಬರುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದಾಕೆ ಬಾಯಿ ತೆರೆದು ಸುಖವಾಗಿ ನಿದ್ದೆ ಮಾಡುತ್ತಿದ್ದಳು. ನಾನು ಕಿಟಕಿ ಎಳೆದು ಮುಚ್ಚಿದೆ.

ಪಿರಿಯಾಪಟ್ಟಣದಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಸಾಮಾನ್ಯವಾಗಿ ಆ ಕಡೆಯ ಯಾವ ಕಾರ್ಯಕ್ಕೆ ಕರೆದರೂ ನನಗೆ ಸರಿಯಾಗಿ ಆ ವಾರವೇ ಮಂಡಿನೋವು ಬರುತ್ತದೆ. ತಪ್ಪಿಸಿಕೊಳ್ಳಲು ಆಗದಿದ್ದರೆ ತವರುಮನೆಯ ನೆಪ ಹೇಳಿ ಕೆ.ಆರ್. ನಗರದ ಮೇಲೆ ಸುತ್ತುಹಾಕಿಕೊಂಡು ಹೋಗುತ್ತೇನೆ. ಹದಿನಾಲ್ಕು ವರ್ಷದಿಂದ ಹೀಗೇ ನಡೆದಿದೆ. ಈ ಸಲ ಮಾತ್ರ ಯಾವ ನೆಪವೂ ನಡೆಯಲಿಲ್ಲ. ಮನೆಯವರು ಇದನ್ನು ನನ್ನ ವಿಚಿತ್ರಗಳ ಪಟ್ಟಿಗೆ ಸೇರಿಸಿ ಸುಮ್ಮನಾಗಿದ್ದಾರೆ. ಒಂದು ಇಂಗ್ಲಿಷ್ ಪದದ ದೆಸೆಯಿಂದ ಒಬ್ಬ ಮೇಷ್ಟರಮ್ಮ ಒಂದು ರಸ್ತೆಗೇ ಹೆದರುತ್ತಾಳೆ ಎಂದು ಯಾರಾದರೂ ಹೇಳಿದರೆ ನಾನೂ ನಂಬುತ್ತಿರಲಿಲ್ಲ. ನಿಮಗೆ ಹೇಳಿಬಿಡುತ್ತೇನೆ, ಕೇಳಿ. ಮೊನ್ನೆಯವರೆಗೆ ಯಾರಿಗೂ ಹೇಳಿದ್ದಲ್ಲ.

ಬಿ.ಎಡ್. ಮುಗಿಸಿದ ವರ್ಷವೇ ನನಗೆ ಕಂಪಲಾಪುರದಾಚೆಯ ಒಂದು ಹಳ್ಳಿಯ ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಕೆಲಸ ಸಿಕ್ಕಿತು. ಖಾಯಂ ಅಲ್ಲ, ಒಂದು ವರ್ಷ ನೋಡಿ ಆಮೇಲೆ ಹೇಳುತ್ತೇವೆ ಅಂದಿದ್ದರು. ನಾನು ಕೆ.ಆರ್. ನಗರದ ನಾಲೆ ಬಯಲಿನವಳು. ಭತ್ತ, ಕಬ್ಬು, ಕೆಸರು ನನಗೆ ಗೊತ್ತು. ಹೊಗೆಸೊಪ್ಪು ಗೊತ್ತಿರಲಿಲ್ಲ. ಇನ್ನು ಇಂಗ್ಲಿಷ್ ಎಷ್ಟು ಗೊತ್ತಿತ್ತು ಎಂದು ಕೇಳಬೇಡಿ. ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ಒಂದು ದಪ್ಪ ಡಿಕ್ಷನರಿಯನ್ನು ಮುಂದಿಟ್ಟುಕೊಂಡು ದೇವರ ಮೇಲೆ ಭಾರ ಹಾಕಿ ಕ್ಲಾಸಿಗೆ ಹೋಗುತ್ತಿದ್ದೆ. ಮಕ್ಕಳು ನನ್ನ ಕಂಡು ಹೆದರುತ್ತಿದ್ದರು, ನಾನು ಮಕ್ಕಳ ಕಂಡು ಹೆದರುತ್ತಿದ್ದೆ. ಯಾರಾದರೂ ಎದ್ದುನಿಂತು ನನಗೆ ಗೊತ್ತಿಲ್ಲದ ಪದದ ಅರ್ಥ ಕೇಳಿಬಿಟ್ಟರೆ? ಈ ಒಂದು ಭಯದಿಂದ ಪಾರಾಗಲು ನಾನೇ ಒಂದು ಉಪಾಯ ಮಾಡಿದೆ. ಅವರು ಕೇಳುವ ಮೊದಲೇ ಪ್ರತಿ ಶುಕ್ರವಾರ ನಾನೇ ಒಂದು ಪದವನ್ನು ಬೋರ್ಡಿನ ಮೇಲೆ ಬರೆದು, ಅದರ ಹುಟ್ಟು, ಅರ್ಥ, ದೊಡ್ಡ ದೊಡ್ಡ ಲೇಖಕರು ಅದನ್ನು ಬಳಸುವ ರೀತಿ ಎಲ್ಲವನ್ನೂ ಹೇಳುವುದು. ಗುರುವಾರ ಸಂಜೆಯೆಲ್ಲ ಕೂತು ಉರು ಹೊಡೆದದ್ದನ್ನು ಶುಕ್ರವಾರ ಆಗಷ್ಟೇ ಹೊಳೆದಂತೆ ಹೇಳುತ್ತಿದ್ದೆ.

ಆಗಸ್ಟ್ ತಿಂಗಳ ಒಂದು ಶುಕ್ರವಾರದ ಪದ ‘ಲಾರೆಲ್ಸ್’.

ನನಗೆ ತುಂಬ ಇಷ್ಟವಾದ ಪದ ಅದು. ಸಾಧನೆ, ಕೀರ್ತಿ, ಗೆದ್ದುಬಂದ ಗೌರವ ಎಂದೆಲ್ಲ ಅರ್ಥ. ಆದರೆ ಮೂಲದಲ್ಲಿ ಅದೊಂದು ಗಿಡ. ಹಿಂದೆ ಗ್ರೀಕರಲ್ಲಿ, ರೋಮನರಲ್ಲಿ ಓಟದಲ್ಲಿ ಗೆದ್ದವನಿಗೆ, ಯುದ್ಧ ಗೆದ್ದ ಸೇನಾಪತಿಗೆ, ಒಳ್ಳೆಯ ಕವಿಗೆ ಆ ಗಿಡದ ಎಲೆಗಳನ್ನು ಹೆಣೆದು ತಲೆಗೆ ಇಡುತ್ತಿದ್ದರು. ಆಮೇಲೆ ಎಲೆ ಹೋಯಿತು, ಪದ ಉಳಿಯಿತು. ಇಂಗ್ಲಿಷ್ ಪುಸ್ತಕಗಳಲ್ಲಿ ವೀರರು ಲಾರೆಲ್ಸ್ ಗೆದ್ದು ಊರಿಗೆ ಮರಳುತ್ತಾರೆ. ಒಮ್ಮೆ ಗೆದ್ದು ಆಮೇಲೆ ಮೈಗಳ್ಳರಾದವರನ್ನು ಲಾರೆಲ್ಸ್ ಮೇಲೆ ಒರಗಿಕೊಂಡವರು ಎನ್ನುತ್ತಾರೆ. ಹಿಂದಿನಿಂದ ಇನ್ನೊಬ್ಬ ಗಟ್ಟಿಗ ಬರುತ್ತಿದ್ದರೆ ನಿನ್ನ ಲಾರೆಲ್ಸ್ ಜೋಪಾನ ಎಂದು ಎಚ್ಚರಿಸುತ್ತಾರೆ. ನಮ್ಮಲ್ಲಿ ಸನ್ಮಾನವೆಂದರೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಅವರಿಗೆ ನಾಲ್ಕು ಎಲೆ ಸಾಕಾಗಿತ್ತು ನೋಡಿ ಎಂದು ನಾನು ಭಾವಪರವಶಳಾಗಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು.

“ಅದು ಯಾವ್ ಸೊಪ್ಪು ಟೀಚರ್? ತಿನ್ನಾದಾ, ಮಾರಾದಾ?”

ಕ್ಲಾಸೆಲ್ಲ ಗೊಳ್ಳೆಂದಿತು. ಆ ಊರಿನಲ್ಲಿ ಎಲೆ ಎಂದರೆ ಎರಡೇ ಬಗೆ, ಸಾರಿಗೆ ಹಾಕುವುದು ಮತ್ತು ಹರಾಜಿಗೆ ಹಾಕುವುದು. ನಾನು ಲಾರೆಲ್ ಗಿಡವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಡಿಕ್ಷನರಿಯ ಮೂಲೆಯಲ್ಲಿ ಹೆಬ್ಬೆಟ್ಟಿನಷ್ಟು ಚಿತ್ರವಿತ್ತು. ಚೂಪು ತುದಿಯ, ಮಿರುಗುವ ಎಲೆ. ಅದನ್ನೇ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. “ನಮ್ ಸೊಪ್ಪಿನ ತುದಿ ಎಲೆ ಇದ್ದಂಗದೆ” ಎಂದು ಒಬ್ಬಳು ಅಂದಳು. ಇನ್ನೊಬ್ಬಳು, “ಅಂಗಾದ್ರೆ ನಮ್ ಪುಟ್ಟತಾಯಿಗೂ ಒಂದು ಮಾಡಿ ಟೀಚರ್” ಅಂದಳು.

ಪುಟ್ಟತಾಯಿ ಒಂಬತ್ತನೇ ಕ್ಲಾಸಿನ ಹುಡುಗಿ. ಕಡ್ಡಿಯಂಥ ಕಾಲು, ಎಣ್ಣೆ ಹಾಕಿ ಬಿಗಿದ ಎರಡು ಜಡೆ, ಕ್ಲಾಸಿನಲ್ಲಿ ಕೇಳಿದ್ದಕ್ಕೆ ಮಾತ್ರ ಉತ್ತರ. ಹಿಂದಿನ ವಾರವಷ್ಟೇ ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಎಂಟುನೂರು ಮೀಟರ್ ಓಟವನ್ನು ಬರಿಗಾಲಿನಲ್ಲಿ ಓಡಿ ಮೊದಲು ಬಂದಿದ್ದಳು. ಎರಡನೆಯವಳು ಗೆರೆ ಮುಟ್ಟುವಾಗ ಇವಳು ಆಗಲೇ ಪಕ್ಕದಲ್ಲಿ ನಿಂತು ಲಂಗ ಸರಿಮಾಡಿಕೊಳ್ಳುತ್ತಿದ್ದಳಂತೆ. ನಮ್ಮ ಸ್ಕೂಲಿನಿಂದ ತಾಲ್ಲೂಕು ಮಟ್ಟಕ್ಕೆ ಹೋದ ಮೊದಲ ಹುಡುಗಿ ಇವಳೇ ಆಗುತ್ತಾಳೆ ಎಂದು ಪಿ.ಟಿ. ಮೇಷ್ಟರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ದಿನ ಕ್ಲಾಸಿನಲ್ಲಿ ಅವಳು ತಲೆ ಬಗ್ಗಿಸಿ ನಕ್ಕಳು. ನಾನು ತೀರ್ಮಾನ ಮಾಡಿಬಿಟ್ಟೆ. ಮಗುವಿಗೆ ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಕರೆದೊಯ್ಯಿರಿ ಎಂದು ಬಿ.ಎಡ್.ನಲ್ಲಿ ಕಲಿಸಿದ್ದರಲ್ಲ. ಗ್ರೀಕರಿಗೆ ಲಾರೆಲ್ ಇದ್ದರೆ ನಮಗೆ ಹೊಗೆಸೊಪ್ಪಿದೆ! ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸಿದ ಮೇಲೆ ಪುಟ್ಟತಾಯಿಗೆ ನಾನೇ ಕಿರೀಟ ಇಡುತ್ತೇನೆ ಎಂದು ಹೆಡ್ ಮಾಷ್ಟರ ಒಪ್ಪಿಗೆಯನ್ನೂ ತಗೊಂಡೆ. ನನ್ನ ಇಂಗ್ಲಿಷು ಊರಿನ ದೊಡ್ಡವರ ಕಣ್ಣಿಗೆ ಬೀಳಲಿ, ಕೆಲಸ ಗಟ್ಟಿಯಾಗಲಿ ಎಂಬ ಆಸೆಯೂ ಒಳಗೇ ಇತ್ತು.

ಹದಿನಾಲ್ಕನೇ ತಾರೀಖು ಸಂಜೆ ನಾನಿದ್ದ ಮನೆಯ ಒಡತಿಯನ್ನು ಕೇಳಿ ಅಂಗಳದ ರಾಶಿಯಿಂದ ಸಣ್ಣ ಎಲೆಗಳನ್ನು ಆರಿಸಿಕೊಂಡೆ. ಅವರ ಮನೆಯವರೆಲ್ಲ ಬ್ಯಾರನ್ ತುಂಬುವ ಗಡಿಬಿಡಿಯಲ್ಲಿದ್ದರು. ಬ್ಯಾರನ್ ಎಂದರೆ ಸೊಪ್ಪು ಬೇಯಿಸುವ ಎತ್ತರದ ಮನೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಅದರೊಳಗೆ ಸಾಲುಸಾಲಾಗಿ ನೇತುಹಾಕಿ ಕೆಳಗಿನಿಂದ ಬಿಸಿ ಕೊಡುತ್ತಾರೆ. ಆಯಮ್ಮ ಕಡ್ಡಿ ಎತ್ತಿಕೊಡುತ್ತಲೇ ನನ್ನ ಕಡೆ ತಿರುಗಿ, “ಹಸೀದು ಒಳ್ಳೇದಲ್ಲ ಕಣವ್ವ, ಕೈ ತೊಳ್ಕಳಿ” ಅಂದರು. ಬಟ್ಟೆಗೆ ಕರೆಯಾಗುತ್ತದೆ ಎಂಬ ಕಾಳಜಿ ಅಂದುಕೊಂಡೆ. ಹೂವಿನ ಹಾರ ಕಟ್ಟುವಂತೆ ಎಲೆ ಮೇಲೆ ಎಲೆ ಇಟ್ಟು ದಾರದಲ್ಲಿ ಹೊಲಿದೆ. ಮುಗಿಯುವ ಹೊತ್ತಿಗೆ ತಲೆ ಭಾರವಾಗಿ, ಬಾಯಲ್ಲಿ ನೀರು ಒಡೆಯುತ್ತಿತ್ತು. ಊಟ ತಡವಾದದ್ದಕ್ಕೆ ಎಂದುಕೊಂಡೆ. ಬಾಡದಿರಲಿ ಎಂದು ಕಿರೀಟವನ್ನು ಒಂದು ಬಕೆಟ್ ನೀರಿನಲ್ಲಿ ಮುಳುಗಿಸಿಟ್ಟು ಮಲಗಿದೆ.

ಬೆಳಿಗ್ಗೆ ಜಿಟಿಜಿಟಿ ಮಳೆ. ಬಾವುಟ ಹಾರಿತು, ಹಾಡಾಯಿತು. ನಾನು ಹರಕು ಇಂಗ್ಲಿಷಿನಲ್ಲಿ ಎರಡು ಮಾತಾಡಿ, ನೀರು ಸುರಿಯುತ್ತಿದ್ದ ಕಿರೀಟವನ್ನು ಪುಟ್ಟತಾಯಿಯ ತಲೆಗೆ ಇಟ್ಟೆ. ಇಡುವಾಗ ಅವಳು ಒಂದು ಕ್ಷಣ ಕತ್ತು ಹಿಂದೆಗೆದಳು. ಅದನ್ನು ನಾಚಿಕೆ ಎಂದು ತಿಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಊರಿನ ಮುಖಂಡರ ಭಾಷಣಗಳು ಶುರುವಾದವು. ಒಬ್ಬರು ಮುಗಿಸಿದರೆ ಇನ್ನೊಬ್ಬರು. ಪುಟ್ಟತಾಯಿ ಬಾವುಟದ ಕಂಬದ ಪಕ್ಕ ನೆಟ್ಟಗೆ ನಿಂತೇ ಇದ್ದಳು. ಎಲೆಯಿಂದ ಇಳಿದ ನೀರು ಹಣೆ, ಕಣ್ಣು, ತುಟಿಯ ಮೇಲೆ ಹರಿಯುತ್ತಿತ್ತು. ಅವಳು ಒಂದೆರಡು ಸಲ ನಾಲಿಗೆಯಿಂದ ಒರೆಸಿಕೊಂಡದ್ದನ್ನು ನಾನು ನೋಡಿದೆ. ಮೂರನೇ ಭಾಷಣದ ಹೊತ್ತಿಗೆ ಅವಳ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಕೈ ನಡುಗಿತು. ನಿಂತಲ್ಲೇ ಬಗ್ಗಿ ವಾಂತಿ ಮಾಡಿ, ಮಕ್ಕಳು ಕಂಬದ ಸುತ್ತ ಬಿಡಿಸಿದ್ದ ರಂಗೋಲಿಯ ಮೇಲೆ ಬಿದ್ದಳು.

ಯಾರದೋ ಟೆಂಪೋ ಸಿಕ್ಕಿತು. ಪಿ.ಟಿ. ಮೇಷ್ಟರು ಮುಂದೆ ಕೂತರು, ನಾನು ಹಿಂದೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಪಿರಿಯಾಪಟ್ಟಣ ದೂರವೇನಲ್ಲ. ಆ ದಿನ ಮಾತ್ರ ದಾರಿ ಬೆಳೆಯುತ್ತಲೇ ಹೋಯಿತು. ಅವಳ ಮೈ ತಣ್ಣಗೆ ಬೆವರಿತ್ತು. ಮತ್ತೆ ಮತ್ತೆ ವಾಂತಿ, ಹೊಟ್ಟೆಯಲ್ಲಿ ಏನೂ ಉಳಿದಿಲ್ಲದಿದ್ದರೂ. ಒಮ್ಮೆ ಉಸಿರೇ ಇಲ್ಲವೆನಿಸಿ ಮೂಗಿನ ಹತ್ತಿರ ಬೆರಳಿಟ್ಟೆ. ಟೆಂಪೋದ ಕುಲುಕಾಟದಲ್ಲಿ ಉಸಿರು ತಾಗಿತೋ ಇಲ್ಲವೋ ತಿಳಿಯಲಿಲ್ಲ. ಕಿರೀಟ ಇನ್ನೂ ಅವಳ ಜಡೆಗೆ ಸಿಕ್ಕಿಕೊಂಡಿತ್ತು. ಬಿಡಿಸಿದೆ. ಆಗ ಆ ಕಹಿ ವಾಸನೆ ನನ್ನ ಗಂಟಲಿಗೆ ಹೊಡೆಯಿತು. ಹಿಂದಿನ ಸಂಜೆಯ ತಲೆಭಾರ, ಒಡತಿಯ ಮಾತು, ಬಕೆಟ್ಟಿನ ನೀರು, ಎಲ್ಲ ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾದ ಕೂಡಲೇ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಕಿರೀಟವನ್ನು ಮುದುರಿ ನನ್ನ ವ್ಯಾನಿಟಿ ಬ್ಯಾಗಿನೊಳಗೆ ತುರುಕಿ ಜಿಪ್ ಎಳೆದೆ.

ಆಸ್ಪತ್ರೆಯಲ್ಲಿ ಡಾಕ್ಟರು ಅವಳ ಕಣ್ಣಿನ ರೆಪ್ಪೆ ಬಿಡಿಸಿ ನೋಡುತ್ತ ಕೇಳಿದರು: “ಏನು ತಿಂದಳು? ಏನು ಕುಡಿದಳು?”

“ಇನ್ನೂ ಬೂಂದಿ ಹಂಚೇ ಇರಲಿಲ್ಲ ಸಾರ್” ಅಂದರು ಪಿ.ಟಿ. ಮೇಷ್ಟರು.

ಡಾಕ್ಟರು ದನಿ ತಗ್ಗಿಸಿದರು. “ಮನೇಲಿ ಏನಾದ್ರೂ ಜಗಳ? ಔಷಧಿ ಗಿಷಧಿ ಕುಡಿದಿದ್ದಾಳಾ? ನಿಜ ಹೇಳಿ.”

ಔಷಧಿ ಎಂದರೆ ಬೆಳೆಗೆ ಹೊಡೆಯುವ ವಿಷ. ಅಂಥ ಕೇಸಾದರೆ ಪೊಲೀಸರಿಗೆ ತಿಳಿಸಬೇಕು, ಹೊಟ್ಟೆ ತೊಳೆಯಬೇಕು. ನರ್ಸ್ ಉದ್ದದ ರಬ್ಬರ್ ನಳಿಗೆಯನ್ನು ತಂದು ತಟ್ಟೆಯಲ್ಲಿಟ್ಟಳು. ಅದು ಮಗುವಿನ ಗಂಟಲಿನೊಳಗೆ ಇಳಿಯುತ್ತದೆ ಎಂದು ನನಗೆ ಗೊತ್ತಾಯಿತು. ಒಂದೇ ಒಂದು ಮಾತು ಸಾಕಿತ್ತು. ಸೊಪ್ಪಿನ ಕಿರೀಟ ಇಟ್ಟಿದ್ದೆ ಸಾರ್, ನಾನೇ ಇಟ್ಟದ್ದು. ಬಾಯಿ ತೆರೆದೆ. ಎದುರಿಗೆ ಕೆಲಸ ಹೋಯಿತು, ಊರು ನಗಾಡಿತು, ಅಪ್ಪ ತಲೆ ತಗ್ಗಿಸಿದರು, ಪೊಲೀಸರು ಬಂದರು. ಎಲ್ಲ ಕಣ್ಣಿಗೆ ಕಟ್ಟಿತು. ಬ್ಯಾಗನ್ನು ಎದೆಗೆ ಅವುಚಿಕೊಂಡು ಸುಮ್ಮನೆ ನಿಂತೆ. ಆ ಒಂದು ನಿಮಿಷದ ಹೇಡಿತನವನ್ನು ನಾನು ಇವತ್ತಿಗೂ ಯಾವ ಮಾತಿನಿಂದಲೂ ಚೆಂದ ಮಾಡಲಾರೆ.

ನರ್ಸ್ ನಳಿಗೆ ಎತ್ತಿಕೊಂಡಾಗ ಮಂಚದ ಮೇಲಿಂದ ಸಣ್ಣ ದನಿ ಬಂತು. ಪುಟ್ಟತಾಯಿ ಕಣ್ಣು ಬಿಟ್ಟಿದ್ದಳು. ಡಾಕ್ಟರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

“ಬೆಳಿಗ್ಗೆ... ಸೊಪ್ಪು ಮುರಿಯಕ್ಕೋಗಿದ್ದೆ ಸಾ. ಮಳೇಲಿ.”

ಡಾಕ್ಟರು ನಳಿಗೆಯನ್ನು ಪಕ್ಕಕ್ಕೆ ಇಡಿಸಿದರು. ಒದ್ದೆ ಸೊಪ್ಪಿನ ರಸ ಚರ್ಮದಿಂದಲೇ ಮೈಗೆ ಇಳಿಯುತ್ತದೆ, ಮುರಿಯುವವರಿಗೆ ಹೀಗಾಗುವುದುಂಟು ಎಂದರು. ಮೈ ತಲೆಯೆಲ್ಲ ಸೋಪು ಹಾಕಿ ತೊಳೆಸಿ, ಬಟ್ಟೆ ಬದಲಿಸಿ, ಡ್ರಿಪ್ಸ್ ಹಾಕಿದರು. ಚೀಟಿಯ ಮೇಲೆ ಸೊಪ್ಪು ಮುರಿದದ್ದರಿಂದ ಎಂದು ಬರೆದರು. ಹೊರೆಗಟ್ಟಲೆ ಸೊಪ್ಪು ಹೊರುವ ಊರಿನಲ್ಲಿ ತಲೆಮೇಲಿದ್ದ ನಾಲ್ಕು ಎಲೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ನಾನು ಹೊರಗೆ ಹೋಗಿ ಕಿರೀಟವನ್ನು ಚರಂಡಿಗೆ ಎಸೆದು, ನಲ್ಲಿಯ ಕೆಳಗೆ ಕೈಯನ್ನು ತೊಳೆದೆ, ತೊಳೆದೆ, ತೊಳೆಯುತ್ತಲೇ ಇದ್ದೆ.

ಮಧ್ಯಾಹ್ನ ಅವಳ ತಾಯಿ ಮಾದಮ್ಮ ಬಸ್ಸು ಹಿಡಿದು ಬಂದಳು. ಹೊಲದಿಂದ ಹಾಗೇ ಬಂದಿದ್ದಳು. ಸೊಪ್ಪಿನ ಅಂಟು ಮೆತ್ತಿ ಎರಡೂ ಕೈ ಮೊಣಕೈವರೆಗೆ ಟಾರು ಬಳಿದಂತೆ ಕಪ್ಪಾಗಿದ್ದವು. ಗಂಡ ತೀರಿಹೋಗಿದ್ದ. ತಾನು ದುಡಿಯುವುದು ಸೊಪ್ಪಿನಲ್ಲೇ ಆದರೂ ಮಗಳನ್ನು ಅದರ ಹತ್ತಿರಕ್ಕೂ ಬಿಟ್ಟವಳಲ್ಲ. ಪಿ.ಟಿ. ಮೇಷ್ಟರು ವಿಷಯ ಹೇಳಿದಾಗ ಅವಳು ನಂಬಲಿಲ್ಲ.

“ನನ್ ಮಗ ಸೊಪ್ಪು ಮುಟ್ಟಾಕಿಲ್ಲ ಸಾ. ನಾನು ಬುಟ್ರೆ ತಾನೆ?”

ಮಂಚದ ಹತ್ತಿರ ಹೋಗಿ ಮಗಳ ಎರಡೂ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. ಆಮೇಲೆ ಬಗ್ಗಿ ತಲೆಗೂದಲನ್ನು ಮೂಸಿದಳು. ತಿರುಗಿ ನನ್ನ ಕಡೆ ನೋಡಿದಳು. “ಕೈ ಬೆಳ್ಳಗವೆ” ಅಂದಳು, ಅಷ್ಟೇ. ಸೊಪ್ಪು ಮುರಿದ ಕೈ ಒಂದು ಸೋಪಿಗೆ ಬೆಳ್ಳಗಾಗುವುದಿಲ್ಲ, ವಾರ ಬೇಕು. ಅವಳಿಗೆ ಗೊತ್ತಾಗಿದೆ ಎಂದು ನನಗೂ ಗೊತ್ತಾಯಿತು. ಬೈಯುತ್ತಾಳೆ, ಜುಟ್ಟು ಹಿಡಿಯುತ್ತಾಳೆ ಎಂದು ಕಾದೆ. ಅವಳು ಸೆರಗಿನಿಂದ ಮಗಳ ಮುಖ ಒರೆಸುತ್ತ ಕೂತಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆಗೆ ಪುಟ್ಟತಾಯಿ ಎದ್ದು ಗಂಜಿ ಕುಡಿದಳು. ಮೂರನೇ ದಿನ ಸ್ಕೂಲಿಗೂ ಬಂದಳು. ಇಲ್ಲಿಗೆ ಕಥೆ ಮುಗಿಯಿತು ಎಂದು ನಾನು ದೇವರಿಗೆ ಕಾಯಿ ಒಡೆಸಿದೆ. ಮುಗಿದಿರಲಿಲ್ಲ. ಆಸ್ಪತ್ರೆಯ ಚೀಟಿ ಹೆಡ್ ಮಾಷ್ಟರ ಕೈ ಸೇರಿತ್ತು. ಅವರು ಕೆಟ್ಟವರಲ್ಲ, ನನ್ನಂತೆಯೇ ಹೆದರುವವರು. ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಹೇಳಿದರು: “ಸೊಪ್ಪಿನಲ್ಲಿ ಕೆಲಸ ಮಾಡೋ ಮಗೂನ ತಾಲ್ಲೂಕಿಗೆ ಕರ್ಕೊಂಡು ಹೋಗಿ, ಅಲ್ಲಿ ಟ್ರ್ಯಾಕ್ ಮೇಲೆ ಬಿದ್ರೆ ಯಾರು ಜವಾಬ್ದಾರಿ? ಓಡ್ತೀನಿ ಅನ್ನೋಳು ಸೊಪ್ಪು ಮುರಿಯೋಕೆ ಯಾಕೆ ಹೋಗ್ಬೇಕಿತ್ತು? ಹೆಸರು ಹೊಡೆದುಹಾಕಿ.” ಪಿ.ಟಿ. ಮೇಷ್ಟರು ಎಷ್ಟೋ ಹೇಳಿನೋಡಿದರು. ಹೆಸರಿನ ಮೇಲೆ ಕೆಂಪು ಗೆರೆ ಬಿತ್ತು.

ಕ್ರೀಡಾಕೂಟಕ್ಕೆ ಇನ್ನೂ ಹತ್ತು ದಿನವಿತ್ತು. ಅಂದರೆ ನಾನು ಬಾಯಿ ಬಿಡಲು ಹತ್ತು ದಿನ. ಹೇಳಬೇಕಾದದ್ದನ್ನು ಮನೆಯಲ್ಲಿ ಕನ್ನಡಿಯ ಮುಂದೆ ಕನ್ನಡದಲ್ಲಿ ಹೇಳಿಕೊಂಡೆ, ಧೈರ್ಯ ಬರುತ್ತದೇನೋ ಎಂದು ಇಂಗ್ಲಿಷಿನಲ್ಲೂ ಹೇಳಿಕೊಂಡೆ. ಮೊದಲ ದಿನ ಹೆಡ್ ಮಾಷ್ಟರ ಬಾಗಿಲಿಗೆ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ ಏನಮ್ಮ ಅಂದರು. “ಚಾಕ್‌ಪೀಸ್ ಬೇಕಿತ್ತು ಸಾರ್” ಅಂದೆ. ಕೊಟ್ಟರು. ಎರಡು ದಿನ ಬಿಟ್ಟು ಮತ್ತೆ ಹೋದೆ, ಮತ್ತೊಂದು ಡಬ್ಬಿ ಚಾಕ್‌ಪೀಸ್ ತಂದೆ. ಮೂರನೇ ಸಲ ಅವರು ನಾನು ಕೇಳುವ ಮೊದಲೇ ಡಬ್ಬಿ ಮುಂದಿಟ್ಟು, ಇಷ್ಟೊಂದು ಬರೆಸುವ ಟೀಚರನ್ನು ಈ ಸ್ಕೂಲು ಕಂಡಿರಲಿಲ್ಲ ಎಂದು ಹೊಗಳಿದರು. ನಗು ಬರುತ್ತದಲ್ಲವೇ? ಆ ವರ್ಷದ ಕೊನೆಗೆ ನನ್ನನ್ನು ಖಾಯಂ ಮಾಡಿದ್ದಕ್ಕೆ ಆ ಡಬ್ಬಿಗಳೂ ಒಂದು ಕಾರಣವಿರಬಹುದು.

ಈ ಹತ್ತೂ ದಿನ ಪುಟ್ಟತಾಯಿ ಎರಡನೇ ಬೆಂಚಿನಲ್ಲಿ ಕೂತಿರುತ್ತಿದ್ದಳು. ಒಂದು ದಿನವೂ ದೂರಲಿಲ್ಲ, ಏನೂ ಕೇಳಲಿಲ್ಲ. ಆದರೆ ನಾನು ಹೆಡ್ ಮಾಷ್ಟರ ರೂಮಿನಿಂದ ಹೊರಗೆ ಬಂದಾಗಲೆಲ್ಲ ಅವಳ ಕಣ್ಣು ನನ್ನ ಮುಖದ ಮೇಲೆ ಇರುತ್ತಿತ್ತು. ಹದಿನಾಲ್ಕು ವರ್ಷದ ಮಗುವಿನ ಕಣ್ಣಿಗೆ ನಾನು ಅಷ್ಟು ಹೆದರಿದ್ದೆ. ಆ ಶುಕ್ರವಾರ ಯಾವ ಪದವನ್ನೂ ಬರೆಯಲಿಲ್ಲ. ರಜಾ ಅರ್ಜಿ ಬರೆಯುವುದನ್ನು ಹೇಳಿಕೊಟ್ಟು ಗಂಟೆ ಕಳೆದೆ. ಕ್ರೀಡಾಕೂಟದ ದಿನ ಮಕ್ಕಳನ್ನು ತುಂಬಿಕೊಂಡು ಟೆಂಪೋ ಹೊರಟಿತು. ಅವಳ ಜಾಗಕ್ಕೆ ಯಾರೂ ಓಡಲಿಲ್ಲ. ನಾನು ಕ್ಲಾಸಿನಲ್ಲಿ ಕಿಟಕಿಗೆ ಬೆನ್ನು ಹಾಕಿ ಪಾಠ ಮಾಡಿದೆ.

ಮುಂದಿನ ವರ್ಷ ನನಗೆ ಸರ್ಕಾರಿ ಕೆಲಸ ಬಂತು. ಊರು ಬಿಟ್ಟೆ, ಮದುವೆಯಾಯಿತು, ಮೈಸೂರು ಸೇರಿದೆ. ಭಯ ಮಾತ್ರ ಜೊತೆಗೇ ಬಂತು. ಪಾಠದಲ್ಲಿ ಆ ಪದ ಎದುರಾದರೆ ‘ಸಾಧನೆ’ ಎಂದಷ್ಟೇ ಹೇಳಿ ಮುಂದಿನ ಸಾಲಿಗೆ ಹಾರುತ್ತೇನೆ. ಮೂರು ವರ್ಷದ ಹಿಂದೆ ಉತ್ತಮ ಶಿಕ್ಷಕಿ ಎಂದು ವೇದಿಕೆಯ ಮೇಲೆ ನನಗೆ ಪೇಟ ತೊಡಿಸಿದರು. ಅದು ತಲೆಗೆ ತಾಗಿದ್ದೇ ತಡ ನೆತ್ತಿಯಿಂದ ತಣ್ಣನೆಯ ನೀರು ಇಳಿದಂತಾಗಿ, ಎದ್ದುನಿಂತರೆ ಬೀಳುತ್ತೇನೆ ಎನಿಸಿತು. ಕೃತಜ್ಞತೆಯ ಮಾತನ್ನು ಕುರ್ಚಿಯಲ್ಲಿ ಕೂತೇ ಹೇಳಿದೆ. ವಿನಯವಂತೆ ಎಂದು ಪೇಪರಿನಲ್ಲಿ ಬಂತು.

ಮೊನ್ನೆ ಕಂಪಲಾಪುರದಲ್ಲಿ ಆ ಬಸ್ಸು ನಿಂತಾಗ ನಾನು ಇಳಿದುಬಿಟ್ಟೆ. ಹೆದರಿ ಹೆದರಿ ಸಾಕಾಗಿತ್ತು ಅಂತಲೇ ಇಟ್ಟುಕೊಳ್ಳಿ. ಆಟೋ ಮಾಡಿಕೊಂಡು ಆ ಊರಿಗೆ ಹೋದೆ. ಮಾದಮ್ಮ ಚಪ್ಪರದ ಕೆಳಗೆ ಇನ್ನೂ ನಾಲ್ಕು ಹೆಂಗಸರ ಜೊತೆ ಕಾಲು ಚಾಚಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿದ್ದಳು. ಕೂದಲು ಪೂರ್ತಿ ನೆರೆತಿತ್ತು. ಒಂದೇ ನೋಟಕ್ಕೆ ಗುರುತು ಹಿಡಿದಳು.

“ಇಂಗ್ಲಿಷ್ ಟೀಚರಮ್ಮ ಅಲ್ವಾ? ಬನ್ನಿ, ಕುಂತ್ಕಳಿ.”

ಕೂತರೆ ಹೇಳಲಾರೆ ಎನಿಸಿ ನಿಂತೇ ಹೇಳಿದೆ. ಉಳಿದವರ ಎದುರಿಗೇ ಹೇಳಿದೆ. ಕಿರೀಟ, ಬಕೆಟ್ಟಿನ ನೀರು, ಬ್ಯಾಗು, ಚರಂಡಿ, ಒಂದನ್ನೂ ಬಿಡಲಿಲ್ಲ. ಹೆಂಗಸರ ಕೈ ನಿಂತವು. ಮಾದಮ್ಮನ ಕೈ ನಿಲ್ಲಲಿಲ್ಲ. ಆ ಕಡ್ಡಿಯ ಕೊನೆಯ ಹಿಡಿ ಸೊಪ್ಪು ಕಟ್ಟಿ ಮುಗಿಸಿ ಪಕ್ಕಕ್ಕಿಟ್ಟಳು.

“ಸೊಪ್ಪಿನ ಅಮಲು ನಮ್ಗೇನು ಒಸ್ದಲ್ಲ ಕಣ್ರವ್ವ. ಮಳೇಲಿ ಮುರ್ದ ದಿನ ನಾವೂ ಕಕ್ತೀವಿ, ಬೆಳಿಗ್ಗೆಗೆ ಎದ್ದು ಮತ್ತೆ ಓಯ್ತೀವಿ. ಅದ್ಕೆ ನಿಮ್ಮ ಮ್ಯಾಲೆ ನಂಗೆ ಸಿಟ್ಟಿಲ್ಲ. ಗೊತ್ತಿಲ್ದೆ ಮಾಡಿದ್ರಿ.” ಇನ್ನೊಂದು ಕಡ್ಡಿ ಎಳೆದುಕೊಂಡಳು. “ಆದ್ರೆ ಓಟದ ದಿನ ಅವಳು ಲಂಗದೊಳಗೆ ಓಡೋ ಚಡ್ಡಿ ಆಕ್ಕೊಂಡೇ ಇಸ್ಕೂಲಿಗೆ ಬಂದಿದ್ಲು. ಬ್ಯಾಡ ಕಣವ್ವ, ಎಸ್ರು ಒಡ್ದಾಕವ್ರೆ ಅಂದೆ. ಟೀಚರು ಯೋಳ್ತಾರೆ ಅವ್ವ, ಇವತ್ತು ಯೋಳೇ ಯೋಳ್ತಾರೆ, ಟೆಂಪೋ ಅತ್ತೋಕ್ ಮುಂಚೆ ಯೋಳ್ತಾರೆ ಅಂದ್ಲು.”

ನಾನು ಕೂರಬೇಕಾಯಿತು. ಸೊ‌ಪ್ಪಿನ ರಾಶಿಯ ಪಕ್ಕದಲ್ಲೇ ನೆಲದ ಮೇಲೆ ಕೂತೆ. ಅಳು ಬಂತು. ಯಾರೂ ಸಮಾಧಾನ ಮಾಡಲಿಲ್ಲ.

ಪುಟ್ಟತಾಯಿಯನ್ನು ಎಚ್.ಡಿ. ಕೋಟೆ ಕಡೆಗೆ ಕೊಟ್ಟಿದೆ, ಗಂಡ ಹೆಂಡತಿ ಇಬ್ಬರೂ ಬೀಚನಹಳ್ಳಿ ಹತ್ತಿರದ ರೆಸಾರ್ಟೊಂದರಲ್ಲಿ ಕೆಲಸಕ್ಕಿದ್ದಾರೆ ಎಂದು ಮಾದಮ್ಮ ಹೇಳಿದಳು. ಮಡಿಲಿನಿಂದ ಒಂದು ಮೊಬೈಲ್ ತೆಗೆದು, ಪಕ್ಕದವಳ ಕೈಲಿ ನಂಬರ್ ಒತ್ತಿಸಿ ನನ್ನ ಕೈಗೆ ಕೊಟ್ಟಳು. “ನಂಗ್ ಯೋಳಿ ಏನಾಯ್ತದೆ? ಅವಳ್ಗೆ ಯೋಳಿ.”

ಫೋನು ರಿಂಗಾಗುತ್ತಿರುವಾಗ ಯಾರೂ ಎತ್ತದಿರಲಿ ಎಂದು ಬೇಡಿಕೊಂಡೆ. ಎತ್ತಿದಳು. ಹಿಂದೆ ಪಾತ್ರೆಗಳ ಸದ್ದು. ನಾನು ಯಾರೆಂದು ಹೇಳಿ, ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವಳಿಗೆ ಗೊತ್ತಿರದ ಒಂದು ಮಾತೂ ಅದರಲ್ಲಿರಲಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡಳು. ಪಾತ್ರೆಗಳ ಸದ್ದು ದೂರವಾಯಿತು; ಹೊರಗೆ ಬಂದು ನಿಂತಿರಬೇಕು.

“ಇದನ್ನ ಹೆಡ್ ಮಾಷ್ಟ್ರಿಗೆ ಯೋಳಿದ್ರಾ ಟೀಚರ್?”

“ಇಲ್ಲ ಕಣಮ್ಮ.”

“ಅವ್ರು ಈಗ ಹುಣಸೂರ್ನಲ್ಲಿ ಅವ್ರೆ ಟೀಚರ್. ನನ್ ಮದ್ವೆಗೆ ಬಂದಿದ್ರು. ಅಕ್ಷತೆ ಆಕ್ಬುಟ್ಟು, ‘ಸೊಪ್ಪು ಮುರಿಯಕ್ಕೋಗಿ ಓಟ ಕಳ್ಕೊಂಡ್ಯಲ್ಲ ಮಗ’ ಅಂದ್ರು. ಅಲ್ಲಿದ್ದೋರೆಲ್ಲ ನಕ್ರು. ಸುಳ್ಳು ಯೋಳ್ದೋಳು ನಾನೇ ಅಲ್ವಾ? ಸುಮ್ನಿದ್ದೆ.” ಆಮೇಲೆ, ಕ್ಲಾಸಿನಲ್ಲಿ ಉತ್ತರ ಹೇಳುತ್ತಿದ್ದ ಅದೇ ಸಣ್ಣ ದನಿಯಲ್ಲಿ ಅಂದಳು: “ನೀವು ಅವ್ರಿಗೆ ಯೋಳಿ ಟೀಚರ್.”

ಗೃಹಪ್ರವೇಶಕ್ಕೆ ಹೋಗಲಿಲ್ಲ. ಎದುರಿನ ಬಸ್ಸು ಹತ್ತಿ ಹುಣಸೂರಿಗೆ ಬಂದು ಇಳಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ, ಪುಟ್ಟತಾಯಿ ಹೇಳಿದ ಬೀದಿಯ ಎರಡನೇ ಅಂಗಡಿಯವನೇ ತೋರಿಸಿದ. ಗೇಟು ತೆಗೆದು ಬಾಗಿಲು ಬಡಿದೆ. ಭಯ ಹೋಗಿತ್ತು ಎಂದು ನಿಮಗೆ ಸುಳ್ಳು ಹೇಳುವುದಿಲ್ಲ. ಅಷ್ಟೇ ಇತ್ತು, ಒಂದು ಕೈ ಹೆಚ್ಚೇ ಇತ್ತು. ಬಾಗಿಲು ತೆಗೆದವರು ಅವರೇ. ಬೆನ್ನು ಬಾಗಿತ್ತು, ಕನ್ನಡಕದ ಗಾಜು ದಪ್ಪವಾಗಿತ್ತು. ನನ್ನ ಹೆಸರು ಹೇಳಿದೆ. ಮುಖ ಅರಳಿತು, ಒಳಗೆ ಬಾಮ್ಮ, ಕಾಫಿ ಮಾಡಿಸ್ತೀನಿ ಎಂದು ಪಕ್ಕಕ್ಕೆ ಸರಿದರು. ನಾನು ಹೊಸಿಲಿನಾಚೆಯೇ ನಿಂತೆ.

“ಸಾರ್,” ಅಂದೆ, “ಪುಟ್ಟತಾಯಿ ಅವತ್ತು ಸೊಪ್ಪು ಮುರಿದಿರಲಿಲ್ಲ.”